ಕೋಲಿಗೆ ಎಂಟು, ಗಾಳಿಗೆ ಸೊನ್ನೆ

೯ ಜನವರಿ ೧೯೮೩, ರವಿವಾರ

ಬಾಳಾಸಾಹೇಬರು ಹೊಸ ವರ್ಷಕ್ಕೆಂದು ಕಾರ್ಖಾನೆಯ ಎಲ್ಲರಿಗೂ ಡೈರಿ ಹಂಚಿದ್ದಾರೆ. ಉಳಿದವರ ಮನೆಯಲ್ಲಿ ಅದು ಮಕ್ಕಳು ಗೀಚುವ ಪುಸ್ತಕವಾಗುತ್ತದೆ. ನಮ್ಮ ಮನೆಯಲ್ಲಿ ಮಕ್ಕಳಿಲ್ಲ, ಆದ್ದರಿಂದ ನಾನೇ ಗೀಚುತ್ತೇನೆ.

ಬರೆಯಲು ಕಾರಣವೂ ಇದೆ. ನಿನ್ನೆ ಖಾನಾಪುರದ ಟ್ರಸ್ಟಿನವರು ಬಂದು ಕರಾರಿಗೆ ಸಹಿ ಹಾಕಿದರು. ಕಣಕುಂಬಿ ಕಡೆಯ ಕಾಡಿನ ಹಳ್ಳಿಗಳ ಬಸುರಿಯರನ್ನು ಖಾನಾಪುರದಿಂದ ಬೆಳಗಾವಿಗೆ ತರಲು ಅವರಿಗೊಂದು ಗಾಡಿ ಬೇಕು. ನಾವು ಎರಡು ವರ್ಷದಿಂದ ಕಟ್ಟುತ್ತಿರುವ ಬ್ಯಾಟರಿ ವ್ಯಾನನ್ನೇ ಕೊಳ್ಳುತ್ತಾರಂತೆ, ಒಂದು ಷರತ್ತಿನ ಮೇಲೆ. ವ್ಯಾನು ಓಡುತ್ತಿರುವಾಗಲೇ ಅವರ ನರ್ಸು ಕಾಶವ್ವ ಬಸುರಿಯ ಹೊಟ್ಟೆಗೆ ಮರದ ಕೊಳವೆ ಹಚ್ಚಿ, ಅದಕ್ಕೆ ಕಿವಿಯಿಟ್ಟು, ಕೂಸಿನ ಎದೆಬಡಿತ ಎಣಿಸಬೇಕು. ಎಣಿಸಲು ಬಂದರೆ ವ್ಯಾನು ಪಾಸು. ಬರದಿದ್ದರೆ ಅವರು ಡೀಸೆಲ್ ಜೀಪು ಕೊಳ್ಳುತ್ತಾರೆ, ಬಾಳಾಸಾಹೇಬರು ಬ್ಯಾಟರಿ ಶೆಡ್ಡಿಗೆ ಬೀಗ ಜಡಿದು ಮತ್ತೆ ಪಂಪ್‌ಸೆಟ್ಟು ಮಾಡಲು ಹೋಗುತ್ತಾರೆ. ಪರೀಕ್ಷೆಗೆ ಎರಡೇ ಅವಕಾಶ.

ಷರತ್ತು ಓದಿ ಮುಗಿದಾಗ ಬಾಳಾಸಾಹೇಬರು ನನ್ನ ಕಡೆ ತಿರುಗಿದರು. “ಕುಮುದಿನಿಬಾಯಿ, ಆಗತೈತೇನ್ರಿ?”

“ಆಗ್ತದ್ರಿ” ಅಂದೆ. ಹದಿನಾಲ್ಕು ವರ್ಷ ಡೀಸೆಲ್ ಎಂಜಿನ್ನುಗಳ ಪಕ್ಕದಲ್ಲಿ ನಿಂತವಳು ನಾನು. ಮುಂದಿನ ಕಾಲದ ಗಾಡಿ ಸದ್ದು ಮಾಡಬಾರದು, ಓಣಿಯೊಳಗೆ ಹಾದು ಹೋದರೂ ತೊಟ್ಟಿಲಲ್ಲಿನ ಕೂಸು ಏಳಬಾರದು ಎಂಬುದು ನನ್ನ ಬಹಳ ದಿನದ ಹುಚ್ಚು. ಆ ಹುಚ್ಚಿಗೆ ಈಗ ತಾರೀಖು ಬಿದ್ದಿದೆ.

೩ ಫೆಬ್ರವರಿ, ಗುರುವಾರ

ಇವತ್ತಿನಿಂದ ಅಂಕ ಹಾಕುವ ಕೆಲಸ ಶುರು. ಸದ್ದು ಅಳೆಯುವ ಮೀಟರು ನಮ್ಮಲ್ಲಿಲ್ಲ, ಪುಣೆಯಿಂದ ತರಿಸಬೇಕು. ಕೇಳಿದಾಗೆಲ್ಲ ಬಾಳಾಸಾಹೇಬರು “ಆಮ್ಯಾಲ ನೋಡೂಣು” ಅನ್ನುತ್ತಾರೆ. ಅಲ್ಲಿಯವರೆಗೆ ನನ್ನ ಕಿವಿಯೇ ಮೀಟರು. ಹೆಮ್ಮೆಯೆಂದರೆ ಹೆಮ್ಮೆ, ಬೆಳಗಾವಿಯ ಈ ಉದ್ಯಮಬಾಗದ ಕಾರ್ಖಾನೆಗಳಲ್ಲಿ ನನ್ನ ಕಿವಿಗೆ ಹೆಸರಿದೆ. ಬೇರಿಂಗು ಕೆಡುವ ಎಂಟು ದಿನ ಮೊದಲೇ ಹೇಳಿದ್ದೇನೆ.

ಕೋಲಿನಿಂದ ಕೇಳುವುದನ್ನು ಕಲಿಸಿದವರು ಕಲ್ಲಯ್ಯ ಮಿಸ್ತ್ರಿಯವರು, ಈಗ ನಿವೃತ್ತರು. ಗೇಣುದ್ದದ ಸಾಗುವಾನಿ ಕೋಲು. ಒಂದು ತುದಿ ಯಂತ್ರದ ಮೈಗೆ, ಇನ್ನೊಂದು ತುದಿ ಹಲ್ಲಿನ ನಡುವೆ. ಯಂತ್ರದೊಳಗಿನ ಸದ್ದು ಹಲ್ಲು ಹತ್ತಿ ತಲೆಬುರುಡೆಗೆ ಬರುತ್ತದೆ, ಹೊರಗಿನ ಗದ್ದಲ ಬರುವುದಿಲ್ಲ. ಹೆಂಗಸೊಬ್ಬಳು ಕೋಲು ಕಚ್ಚಿಕೊಂಡು ಗಾಡಿಯ ಕೆಳಗೆ ಮಲಗುವುದನ್ನು ನೋಡಲು ಮೊದಮೊದಲು ಪಕ್ಕದ ಫೌಂಡ್ರಿಯವರೆಲ್ಲ ಬಾಗಿಲಿಗೆ ಬರುತ್ತಿದ್ದರು. ಈಗ ಅವರಿಗೂ ಬೇಸರ ಬಂದಿದೆ.

ನನ್ನ ಪದ್ಧತಿ ಸರಳ. ಮೊದಲು ಕೋಲು ಕಚ್ಚಿ, ಸದ್ದು ಹತ್ತಕ್ಕೆ ಎಷ್ಟು ಎಂದು ಅಂಕ. ಆಮೇಲೆ ಕೋಲು ತೆಗೆದು, ಬರೀ ಗಾಳಿಯಲ್ಲಿ ಬರುವ ಸದ್ದಿಗೆ ಅಂಕ. ಕೋಲಿನಲ್ಲಿ ಇದ್ದು ಗಾಳಿಯಲ್ಲಿ ಇಲ್ಲದ್ದು ಎಷ್ಟೋ ಅಷ್ಟನ್ನು ನನ್ನ ರಬ್ಬರು, ತೆಂಗಿನ ನಾರು, ಕಂಬಳಿ ಸೇರಿ ತಡೆದವು ಎಂದು ತಿಳಿಯಬೇಕು. ಇವತ್ತು ಕೋಲಿಗೆ ಎಂಟು, ಗಾಳಿಗೆ ಆರು.

ಕಳ್ಳ ಯಾರೆಂದು ಗೊತ್ತಿದೆ. ಬ್ಯಾಟರಿಯ ವಿದ್ಯುತ್ತನ್ನು ತುಂಡು ತುಂಡು ಮಾಡಿ ಮೋಟಾರಿಗೆ ಉಣಿಸುವ ಕಬ್ಬಿಣದ ಪೆಟ್ಟಿಗೆ. ಗಾಡಿ ಓಡುವಷ್ಟು ಹೊತ್ತೂ ಅದು ಕುಂಯ್ ಎಂದು ಅಳುತ್ತದೆ. ಡೀಸೆಲ್ ಎಂಜಿನ್ನಿನ ಮುಂದೆ ಇಂಥ ಅಳು ಯಾರ ಲೆಕ್ಕಕ್ಕೂ ಇರಲಿಲ್ಲ. ಅತ್ತೆ ಊರಿಗೆ ಹೋದಮೇಲೆ ಸೊಸೆಯರ ದನಿ ಕೇಳುವ ಹಾಗೆ, ಎಂಜಿನ್ನು ಹೋದಮೇಲೆ ಎಲ್ಲವೂ ಕೇಳತೊಡಗಿದೆ.

೧೨ ಮಾರ್ಚ್, ಶನಿವಾರ

ತಮ್ಮಣ್ಣನ ಜೊತೆ ದೇಸೂರ ಸ್ಟೇಷನ್ನಿನವರೆಗೆ ಹೋಗಿ ಬಂದೆ. ಅವನು ನಮ್ಮ ವ್ಯಾನಿನ ಡ್ರೈವರು, ಮೊದಲು ಲಾರಿಯಲ್ಲಿದ್ದವನು. ದನಿ ಇನ್ನೂ ಲಾರಿಯಲ್ಲೇ ಇದೆ. ದಾರಿಯುದ್ದಕ್ಕೂ ಮಾತಾಡಿದ, ಒಂದಕ್ಷರ ಬಿಡದೆ ಕೇಳಿತು. ಓಡುವ ಗಾಡಿಯಲ್ಲಿ ಇಷ್ಟು ಸ್ಪಷ್ಟವಾಗಿ ಮಾತು ಕೇಳುವುದೇ ಅಪರೂಪ.

“ಬಾಯಾರ, ಈ ಗಾಡಿ ಎಮ್ಮಿಗೂ ಗೊತ್ತಾಗಂಗಿಲ್ಲ ನೋಡ್ರಿ. ಹಾರ್ನ್ ಹೊಡದ್ರ ಬೆದರತಾವ, ಹೊಡೀದಿದ್ರ ಏಳೂದಿಲ್ಲ. ಇಳದು ಕೈಮುಗಿದು ಹೋಗೂದಷ್ಟ ಉಳದೈತಿ.”

ಪೆಟ್ಟಿಗೆಯ ಕೆಳಗೆ ಎರಡು ಪದರ ರಬ್ಬರು ಹಾಕಿಸಿದೆ. ಕೋಲಿಗೆ ಎಂಟು, ಗಾಳಿಗೆ ನಾಲ್ಕು. ಆಗುತ್ತದೆ, ಆಗುತ್ತದೆ.

೨೦ ಏಪ್ರಿಲ್, ಬುಧವಾರ

ಬೆಳಿಗ್ಗೆ ಎರಡನೇ ರೈಲ್ವೆ ಗೇಟಿನ ಬಳಿ ನಿಂತಿದ್ದೆ. ಮಿರಜ ಗಾಡಿ ಬಂತು, ಹೋಯಿತು. ಹಬೆ, ಹೊಗೆ, ಕಿಟಕಿಗಳಲ್ಲಿ ಮುಖಗಳು, ಎಲ್ಲವೂ ಕನಸಿನಲ್ಲಿ ಹಾದು ಹೋದಂತೆ ಹೋದವು. ರೈಲ್ವೆಯವರು ಹಳಿಗೆ ಏನೋ ಮಾಡಿದ್ದಾರೆ, ಮೊದಲಿನ ಆರ್ಭಟವಿಲ್ಲ. ವಿಚಾರಿಸಬೇಕು, ನಮಗೂ ಉಪಯೋಗವಾದೀತು.

ನಮ್ಮ ಮನೆಯ ಬಿಂದುಮಾಧವರಾಯರು ಇತ್ತೀಚೆಗೆ ಮಾತು ಕಡಿಮೆ ಮಾಡಿದ್ದಾರೆ. ಟಪಾಲು ಕಚೇರಿಯಿಂದ ಬಂದು, ಚಹಾ ಕುಡಿದು, ಪೇಪರು ಬಿಡಿಸಿ ಕೂತರೆ ಮುಗಿಯಿತು. ಅವರದು ಮೊದಲಿನಿಂದಲೂ ಮೆಲುದನಿ. ನನಗೆ ಅದೇ ಹಿತ. ಹಗಲೆಲ್ಲ ಕಬ್ಬಿಣ ಕುಟ್ಟುವವರ ನಡುವೆ ಇದ್ದು ಬಂದವಳಿಗೆ ಗಂಡನೂ ಗಂಟಲು ಹರಿದುಕೊಂಡರೆ ಹೇಗೆ?

ಕಾರ್ಖಾನೆಯಲ್ಲಿ ನನ್ನ ಕೈಕೆಳಗಿನ ಹುಡುಗ ಈರಣ್ಣ ಇವತ್ತು “ಬಾಯಾರ, ಸ್ವಲ್ಪ ಜೋರಾಗಿ ಹೇಳ್ರಿ” ಅಂದ. ನಾನು ಜೋರಾಗಿಯೇ ಹೇಳಿದ್ದೆ. ಈಗಿನ ಹುಡುಗರಿಗೆ ಗಮನವೇ ಇಲ್ಲ.

೨೪ ಮೇ, ಮಂಗಳವಾರ

ಕೋಲಿಗೆ ಎಂಟು. ಗಾಳಿಗೆ ಎರಡು.

ಸಂಜೆ ಚುರುಮುರಿ ತಿನ್ನುವಾಗ ಇವರು ಏನೋ ಹೇಳಿದರು. ಚುರುಮುರಿಯ ಸದ್ದಿನಲ್ಲಿ ಗೊತ್ತಾಗಲಿಲ್ಲ, ಹ್ಞೂಂ ಅಂದೆ. ಇವರು ನನ್ನನ್ನು ಸ್ವಲ್ಪ ಹೊತ್ತು ನೋಡಿ ಎದ್ದು ಹೋದರು.

೨೬ ಜೂನ್, ರವಿವಾರ

ಕ್ರಿಕೆಟ್ಟಿನಲ್ಲಿ ನಾವು ಜಗತ್ತನ್ನೇ ಗೆದ್ದೆವಂತೆ. ಓಣಿಯಲ್ಲಿ ರಾತ್ರಿ ಪಟಾಕಿ ಹಾರಿಸಿದರಂತೆ, ನಮ್ಮ ಬಾಗಿಲಿಗೂ ಬಂದು ಕೂಗಿದರಂತೆ. ಎದುರುಮನೆಯ ಗಂಗೂಬಾಯಿಯವರು ಬೆಳಿಗ್ಗೆ ಹೇಳಿದಾಗಲೇ ನನಗೆ ಗೊತ್ತಾದದ್ದು. ನಾನು ಕೂಸಿನ ಹಾಗೆ ಮಲಗಿದ್ದೆ. ಕೆಲಸ ಸರಿಯಾಗಿ ಸಾಗಿದರೆ ಇಂಥ ನಿದ್ದೆ ಬರುತ್ತದೆ.

೯ ಜುಲೈ, ಶನಿವಾರ

ಇವತ್ತು ಬರೆಯಲೇಬೇಕು. ಕೋಲಿಗೆ ಎಂಟು, ಗಾಳಿಗೆ ಸೊನ್ನೆ.

ಮೂರು ಸಲ ನೋಡಿದೆ. ಕೋಲು ಕಚ್ಚಿದರೆ ಪೆಟ್ಟಿಗೆ ತಲೆಯೊಳಗೆ ತಂಬೂರಿ ಮೀಟುತ್ತದೆ. ಕೋಲು ತೆಗೆದರೆ ಏನೂ ಇಲ್ಲ. ಮತ್ತೆ ಕಚ್ಚಿದರೆ ಇದೆ, ತೆಗೆದರೆ ಇಲ್ಲ. ಅಷ್ಟೂ ಸದ್ದನ್ನು ನಾನು ಪೆಟ್ಟಿಗೆಯೊಳಗೇ ಕೂಡಿಹಾಕಿದ್ದೇನೆ. ಗಾಡಿಯ ಕೆಳಗಿನಿಂದ ಎದ್ದು ಬಂದಾಗ ತಮ್ಮಣ್ಣ ಏನಾಯಿತು ಎಂಬಂತೆ ಕೈಯಾಡಿಸಿದ. ನಾನು ನಕ್ಕುಬಿಟ್ಟೆ.

ಮಧ್ಯಾಹ್ನ ಮಳೆ ಬಂತು. ಶೆಡ್ಡಿನ ತಗಡಿನ ಮೇಲೆ ಬಿದ್ದ ಮಳೆ. ಬೇರೆ ವರ್ಷ ಅದರ ಕೆಳಗೆ ನಿಲ್ಲಲಾಗುತ್ತಿರಲಿಲ್ಲ, ಈ ವರ್ಷದ್ದು ಬಲು ಮೆತ್ತಗಿನ ಮಳೆ, ಯಾರೋ ಆಚೆ ಕೋಣೆಯಲ್ಲಿ ಅಕ್ಕಿ ಆರಿಸಿದ ಹಾಗೆ. ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದೆ. ಅಂಗಳದಲ್ಲಿ ನೀರು ನಿಂತು, ಅದರ ಮೇಲೆ ಹನಿ ಬಿದ್ದು, ಉಂಗುರಗಳು ಎದ್ದು ಒಂದರೊಳಗೊಂದು ಸೇರಿ ಹೋಗುತ್ತಿದ್ದವು. ಸದ್ದೇ ಇಲ್ಲದ್ದನ್ನು ನೋಡುವುದು ಎಷ್ಟು ಚೆಂದ. ನಾಳಿನ ಊರುಗಳು ಹೀಗೇ ಇರುತ್ತವೆ ಅನ್ನಿಸಿತು. ಗಾಡಿಗಳು ಮೋಡದ ನೆರಳಿನ ಹಾಗೆ ಹಾದು ಹೋಗುತ್ತವೆ, ಜನ ಅವುಗಳ ನಡುವೆ ನಿಧಾನವಾಗಿ ನಡೆಯುತ್ತಾರೆ, ಯಾರೂ ಯಾರನ್ನೂ ಬೆಚ್ಚಿಬೀಳಿಸುವುದಿಲ್ಲ. ನನಗೆ ಆ ಊರಿನಲ್ಲಿ ಈಗಲೇ ಒಂದು ಮನೆ ಸಿಕ್ಕಿದಂತಿದೆ. ಸುಖವಾಗಿದ್ದೇನೆ.

೨೧ ಜುಲೈ, ಗುರುವಾರ

ಕೊನೆಗೂ ಪುಣೆಯ ಮೀಟರು ಬಂತು, ಎರಡು ದಿನದ ಬಾಡಿಗೆಗೆ. ಈರಣ್ಣ ಅದನ್ನು ಹಿಂದಿನ ಬೆಂಚಿನ ಮೇಲೆ ಇಟ್ಟು, ವ್ಯಾನನ್ನು ಉದ್ಯಮಬಾಗದ ಸುತ್ತ ಎರಡು ಸುತ್ತು ಹೊಡೆಸಿದ. ಸದ್ದು ಐವತ್ತೈದು ಡೆಸಿಬಲ್‌ಗಿಂತ ಕೆಳಗಿರಬೇಕು. ಎಪ್ಪತ್ತನಾಲ್ಕು ತೋರಿಸಿತು.

“ಬಾಯಾರ, ನನಗೂ ಹಂಗ ಕೇಳಸಾಕ ಹತ್ತೈತ್ರಿ. ಹಿಂದ ಕುಂತ್ರ ಕಿವಿಯಾಗ ಬೈರಗಿ ಹಾಕಿ ಕೊರದಂಗ ಆಗತೈತಿ” ಅಂದ ಈರಣ್ಣ.

ನಾನು ಹಿಂದಿನ ಬೆಂಚಿನಲ್ಲಿ ಅರ್ಧ ಗಂಟೆ ಕೂತೆ. ಸೊನ್ನೆ. ಮೀಟರಿನ ಮುಖ ನೋಡಿದ ಮೇಲೆ ಅವನಿಗೆ ಸದ್ದು ಕೇಳಿಸುತ್ತಿದೆ, ಅಷ್ಟೇ. ಬಸ್ಸಿನ ಟಾಪಿನ ಮೇಲೆ ಕುಲುಕಾಡಿಕೊಂಡು ಬಂದ ಯಂತ್ರ ಅದು, ಸೆಲ್ಲು ಬೇರೆ ಹಳೆಯದು. ಬಾಳಾಸಾಹೇಬರಿಗೆ ಮೀಟರು ಕೆಟ್ಟಿದೆ ಎಂದೆ. ಅವರು ನನ್ನನ್ನೂ ಈರಣ್ಣನನ್ನೂ ನೋಡಿ, “ಹದಿನಾಕ ವರ್ಷ ನಿಮ್ಮ ಕಿವಿ ತಪ್ಪಿಲ್ರಿ” ಅಂದರು. ಮೀಟರು ಸಂಜೆಯ ಬಸ್ಸಿಗೇ ವಾಪಸು ಹೋಯಿತು. ಈರಣ್ಣ ಮುಖ ದಪ್ಪಗೆ ಮಾಡಿಕೊಂಡಿದ್ದಾನೆ. ಮಾಡಿಕೊಳ್ಳಲಿ.

೧೮ ಆಗಸ್ಟ್, ಗುರುವಾರ

ಮೊದಲ ಪರೀಕ್ಷೆ. ಸೋತೆವು.

ಖಾನಾಪುರದಿಂದ ಹೊರಟಾಗ ವ್ಯಾನಿನಲ್ಲಿ ನಾನು, ಟ್ರಸ್ಟಿನ ಕಾರ್ಯದರ್ಶಿ ಅವಧೂತರಾಯರು, ನರ್ಸು ಕಾಶವ್ವ, ಏಳು ತಿಂಗಳ ಬಸುರಿ ಚಂದ್ರವ್ವ, ಅವಳ ಅತ್ತೆ ಕಾಡವ್ವ. ತಮ್ಮಣ್ಣ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಸಿದ. ಕಣಕುಂಬಿಯ ಕಡೆಯಿಂದ ಥಂಡಿ ಗಾಳಿ ಬೀಸುತ್ತಿತ್ತು, ಅತ್ತೆ ಸೊಸೆ ಇಬ್ಬರೂ ಸೆರಗು ಎಳೆದು ಕಿವಿಗೆ ಬಿಗಿಯಾಗಿ ಸುತ್ತಿಕೊಂಡರು. ಕಾಡವ್ವ ಸೊಸೆಗೆ ತವರಿನ ಸುದ್ದಿ ಹೇಳುತ್ತಿದ್ದಳು, ಆಕಳು ಈದದ್ದು, ತಮ್ಮನ ಲಗ್ನ ಮುಂದೆ ಹೋದದ್ದು. ಪ್ರತಿಯೊಂದು ಮಾತೂ ನನಗೆ ಗಂಟೆ ಬಾರಿಸಿದ ಹಾಗೆ ಕೇಳಿತು. ಓಡುವ ಗಾಡಿಯಲ್ಲಿ ಅತ್ತೆ ಸೊಸೆಯ ಮಾತು ಇಷ್ಟು ನಿಚ್ಚಳವಾಗಿ ಕೇಳುತ್ತದೆಂದರೆ ಇನ್ನೇನು ಬೇಕು? ನಾನು ಮನಸ್ಸಿನಲ್ಲೇ ಪಾಸು ಮಾಡಿಕೊಂಡುಬಿಟ್ಟಿದ್ದೆ.

ದೇಸೂರಿನ ಹತ್ತಿರ ಕಾಶವ್ವ ಕೊಳವೆ ಹಚ್ಚಿದರು. ಕಿವಿಯಿಟ್ಟರು. ಜಾಗ ಬದಲಿಸಿದರು. ಮತ್ತೆ ಇಟ್ಟರು. ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡು ಇನ್ನೊಂದರಲ್ಲಿ ನೋಡಿದರು. ಆಮೇಲೆ ನೆಟ್ಟಗೆ ಕೂತು ತಲೆ ಅಲ್ಲಾಡಿಸಿದರು.

“ಇಲ್ರಿ. ಕೂಸಿನ ಸಪ್ಪಳ ಸಿಗವಲ್ದು.”

“ಇನ್ನೊಮ್ಮೆ ನೋಡ್ರಿ” ಅಂದೆ.

“ಮೂರ ಸಲ ನೋಡೀನ್ರಿ ಬಾಯಾರ. ಗಾಡಿ ನಿಂದರಸ್ರಿ, ಆಗ ಎಣಸತೀನಿ.”

ಗಾಡಿ ನಿಲ್ಲಿಸಿದರು. ಕಾಶವ್ವ ಎಣಿಸಿದರು, ನೂರಾ ನಲವತ್ತು. ಮತ್ತೆ ಹೊರಟೊಡನೆ ಇಲ್ಲವೆಂದರು. ಅವಧೂತರಾಯರು ಕರಾರಿನ ಕಾಗದದ ಮೇಲೆ ಏನೋ ಬರೆದುಕೊಂಡರು. ಬೆಳಗಾವಿ ಬರುವವರೆಗೂ ನಾನು ಹೊರಗೆ ನೋಡುತ್ತಾ ಕೂತೆ.

೧೯ ಆಗಸ್ಟ್, ಶುಕ್ರವಾರ

ರಾತ್ರಿಯಿಡೀ ಯೋಚಿಸಿ ಬೆಳಿಗ್ಗೆ ತಿಳಿಯಿತು. ತಪ್ಪು ವ್ಯಾನಿನಲ್ಲಿಲ್ಲ. ಕಾಶವ್ವನವರಿಗೆ ಐವತ್ತೈದು ದಾಟಿದೆ, ಕಿವಿ ಮಂದವಾಗಿದೆ. ಪಾಪ, ಅವರಿಗೇ ಗೊತ್ತಿಲ್ಲ. ಕಿವಿ ಮಂದವಾದವರಿಗೆ ತಮ್ಮದು ಮಂದವೆಂದು ಗೊತ್ತಾಗುವುದೇ ಕೊನೆಗೆ.

ಟ್ರಸ್ಟಿಗೆ ಮರ್ಯಾದೆಯಿಂದಲೇ ಕಾಗದ ಬರೆದೆ. ಎರಡನೇ ಪರೀಕ್ಷೆಗೆ ಮೊದಲು ನರ್ಸಿನ ಕಿವಿಯನ್ನು ನೆಹರು ನಗರದ ಮೆಡಿಕಲ್ ಕಾಲೇಜಿನಲ್ಲಿ ತೋರಿಸಬೇಕೆಂದು ಕೇಳಿಕೊಂಡೆ. ಕಾಗದ ಟಪಾಲಿಗೆ ಹಾಕಲು ಇವರ ಕೈಗೇ ಕೊಟ್ಟೆ. ಇವರು ವಿಳಾಸ ಓದಿ ಏನೋ ಅಂದರು, ಗೊಣಗಿದ ಹಾಗೆ. ಸ್ಪಷ್ಟವಾಗಿ ಹೇಳುವುದಿದ್ದರೆ ಹೇಳಲಿ.

೨ ಸೆಪ್ಟೆಂಬರ್, ಶುಕ್ರವಾರ

ಕಾಶವ್ವನವರು ತಾವೇ ಕಾರ್ಖಾನೆಗೆ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಸೀರೆ, ಕೈಯಲ್ಲಿ ನನ್ನ ಕಾಗದ. ಲೇತುಗಳ ಗದ್ದಲದ ನಡುವೆ ನಿಂತು ನೇರವಾಗಿ ಮಾತಾಡಿದರು.

“ಬಾಯಾರ, ಮೂವತ್ತ ವರ್ಷ ಆತ್ರಿ ನಾ ಈ ಕೆಲಸ ಮಾಡಾಕ ಹತ್ತಿ. ಸಿಟ್ಟಿಲೆ ಬಂದಿಲ್ಲ ನಾ. ನನ್ನ ಕಿವಿ ಹೋಗಿದ್ರ ನಾನ ಕೆಲಸ ಬಿಡಬೇಕಾಗತೈತಿ, ಕೂಸುಗಳ ಜೀವದ ಪ್ರಶ್ನಿ ಅದು. ಮಂಗಳವಾರ ತೋರಸ್ಕೊಳ್ಳಾಕ ಹೊಂಟೀನಿ. ನೀವೂ ಬರ್ರಿ. ಇಬ್ಬರೂ ತೋರಸೂಣು. ಇಬ್ಬರದೂ ಸರಿ ಇದ್ರ ಆಗ ಗಾಡಿ ಬಿಚ್ಚಿ ನೋಡೂಣು.”

ಆ ಮಾತಿನಲ್ಲಿ ಬಯ್ಯಲು ಏನೂ ಇರಲಿಲ್ಲ. ಒಪ್ಪಿದೆ. ಒಪ್ಪದೆ ಏನು, ನನ್ನ ಕಿವಿಯ ಬಗ್ಗೆ ನನಗೇನು ಭಯ?

೬ ಸೆಪ್ಟೆಂಬರ್, ಮಂಗಳವಾರ

ಕಾಶವ್ವನವರ ಕಿವಿ ಹದಿನೆಂಟರ ಹುಡುಗಿಯ ಕಿವಿಯಂತೆ ಇದೆಯಂತೆ.

ಆಮೇಲೆ ನನ್ನ ಸರದಿ. ಡಾಕ್ಟರು ಉಕ್ಕಿನ ಕವಲುಕಡ್ಡಿಯೊಂದನ್ನು ಮೊಣಕೈಗೆ ಬಡಿದು ನನ್ನ ಕಿವಿಯ ಹತ್ತಿರ ಹಿಡಿದರು. ನಾನು ಕಾಯುತ್ತಾ ಕೂತೆ. ಕಡ್ಡಿಯ ಎರಡು ತುದಿಗಳು ಮಂಜಾಗಿ ಕಾಣುತ್ತಿದ್ದವು, ಎಂದರೆ ಅದು ಅದುರುತ್ತಿತ್ತು. ನನಗೆ ಏನೂ ಕೇಳಲಿಲ್ಲ. ಆಮೇಲೆ ಅವರು ಅದೇ ಕಡ್ಡಿಯ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದರು. ತಲೆಯೆಲ್ಲ ತುಂಬಿಕೊಂಡು ಹಾಡಿತು.

ಡಾಕ್ಟರು ಬಾಯಿ ತೆರೆಯುವ ಮೊದಲೇ ನನಗೆ ತಿಳಿದುಹೋಯಿತು. ಏಳು ತಿಂಗಳಿಂದ ನಾನು ವ್ಯಾನಿಗೆ ಮಾಡಿದ ಪರೀಕ್ಷೆಯನ್ನೇ ಅವರು ನನಗೆ ಮಾಡಿದ್ದರು. ಮೂಳೆಗೆ ಎಂಟು, ಗಾಳಿಗೆ ಸೊನ್ನೆ.

ಕಿವಿಯೊಳಗಿನ ಒಂದು ಸಣ್ಣ ಮೂಳೆ ಬಿಗಿದುಕೊಂಡಿದೆಯಂತೆ. ಎರಡು ಮೂರು ವರ್ಷದಿಂದಲೇ ಶುರುವಾಗಿರಬೇಕು, ಈ ವರ್ಷ ಜೋರಾಗಿದೆ. “ಗದ್ದಲದಾಗ ನಿಮಗ ಛಲೋ ಕೇಳಸ್ತದ, ಶಾಂತ ಮನಿಯಾಗ ಕೇಳ್ಸೂದಿಲ್ಲ, ಹೌದಿಲ್ಲೋ?” ಎಂದು ಡಾಕ್ಟರು ಜೋರಾಗಿ ಕೇಳಿದರು. ಗದ್ದಲವಿದ್ದಾಗ ಎದುರಿನವರು ದನಿ ಏರಿಸುತ್ತಾರೆ, ಆ ಗದ್ದಲ ನನ್ನೊಳಗೆ ಬರುವುದಿಲ್ಲ, ಏರಿಸಿದ ದನಿ ಮಾತ್ರ ಬರುತ್ತದೆ. ಆಪರೇಷನ್ ಮಾಡಬಹುದು, ಆದರೆ ಗ್ಯಾರಂಟಿ ಇಲ್ಲ ಎಂದರು.

ಅಂದರೆ ಪರೀಕ್ಷೆಯ ದಿನ ವ್ಯಾನಿನಲ್ಲಿ ಕಾಡವ್ವ ಮಾತಾಡುತ್ತಿರಲಿಲ್ಲ, ಕಿರುಚುತ್ತಿದ್ದಳು.

ಹೊರಗೆ ಬಂದಾಗ ಕಾಶವ್ವನವರು ನನ್ನ ಕೈ ಹಿಡಿದುಕೊಂಡು ರಿಕ್ಷಾದವರೆಗೆ ನಡೆದರು. ಕ್ಷಮಿಸಿ ಎಂದು ಹೇಳಿದೆನೋ ಇಲ್ಲವೋ ನೆನಪಿಲ್ಲ. ಹೇಳಿದ್ದರೂ ಮೆಲ್ಲಗೆ ಹೇಳಿರಬೇಕು.

೭ ಸೆಪ್ಟೆಂಬರ್, ಬುಧವಾರ

ಇವರು ರಜೆ ಹಾಕಿ ಮನೆಯಲ್ಲೇ ಇದ್ದರು. ಎದುರಿಗೆ ಕೂತು, ದೊಡ್ಡ ದನಿ ಮಾಡಿ, ನಾಚಿಕೊಂಡು, “ನಾ ಮಾತಾಡೇ ಮಾತಾಡ್ತಿದ್ದೆ ಕುಮುದಾ. ನೀ ಉತ್ತರ ಕೊಡ್ತಿದ್ದಿಲ್ಲ. ವ್ಯಾನಿನ ಗುಂಗಿನಾಗ ಇದ್ದಿ, ನನ್ನ ಮಾತು ಬ್ಯಾಡಾಗೇದ ಅಂತ ಸುಮ್ಮನಾದೆ” ಅಂದರು.

ಅಳು ಬಂತು. ಅವರಿಗಾಗಿ ಬಂತೋ ನನಗಾಗಿ ಬಂತೋ ಗೊತ್ತಾಗಲಿಲ್ಲ. ಅವರ ಆ ಮೆಲುದನಿಯನ್ನು ನಾನು ಯಾವ ದಿನ ಕೊನೆಯ ಸಲ ಕೇಳಿದೆ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಇನ್ನೊಂದು ಮಾತು ಇಲ್ಲಿ ಮಾತ್ರ ಬರೆಯಬಲ್ಲೆ. ಈ ಎಂಟು ತಿಂಗಳು ನಾನು ನಿಜವಾಗಿ ಸುಖವಾಗಿದ್ದೆ. ಮೆತ್ತಗಿನ ಮಳೆ, ಕನಸಿನ ರೈಲು. ನಾನು ಕಟ್ಟಬೇಕೆಂದಿದ್ದ ಊರೊಳಗೇ ಓಡಾಡಿಕೊಂಡಿದ್ದೆ. ಆ ಊರಿನಲ್ಲಿ ಇನ್ನೊಬ್ಬರು ಯಾರೂ ಇರಲಿಲ್ಲ ಎಂಬುದೊಂದು ನನಗೆ ಗೊತ್ತಿರಲಿಲ್ಲ.

೯ ಸೆಪ್ಟೆಂಬರ್, ಶುಕ್ರವಾರ

ಬಾಳಾಸಾಹೇಬರಿಗೆ ಎಲ್ಲ ಹೇಳಿದೆ. ಅವರು ಬಾಗಿಲು ಹಾಕಿ ಬಂದು, ಮೇಜಿನ ಮೇಲೆ ಬಾಗಿ, ನನಗೆ ಕೇಳುವಷ್ಟು ಮಾತ್ರ ಜೋರಾಗಿ ಮಾತಾಡಿದರು.

“ಕಿವಿ ಸುದ್ದಿ ಯಾರಿಗೂ ಹೇಳಬ್ಯಾಡ್ರಿ. ಅವತ್ತ ಬ್ಯಾಟರಿ ಇಳದಿತ್ತು, ಅದಕ್ಕ ಸಪ್ಪಳ ಬಂತು ಅಂತ ಟ್ರಸ್ಟಿಗೆ ನಾ ಬರೀತೀನಿ. ನಿಮ್ಮ ಹೆಸರ ಮ್ಯಾಲ ನಡದೈತ್ರಿ ಈ ಶೆಡ್ಡು. ನೀವ ಕಿವುಡು ಅಂತ ಗೊತ್ತಾದ್ರ ಎರಡನೇ ಪರೀಕ್ಷಾಕ ಅವರು ಬರ್ತಾರೇನ್ರಿ?”

ಅವರದು ಕೆಟ್ಟ ಮನಸ್ಸಲ್ಲ. ನನ್ನನ್ನು ಉಳಿಸಲೆಂದೇ ಹೇಳಿದರು. ಒಂದು ಕ್ಷಣ ಆಸೆಯೂ ಆಯಿತು. ಆದರೆ ನಾನು ಒಬ್ಬ ನರ್ಸಿನ ಹೆಸರಿಗೆ ಮಸಿ ಹಚ್ಚಿ ಕಾಗದ ಬರೆದಿದ್ದೇನೆ, ಅದು ಟ್ರಸ್ಟಿನ ಫೈಲಿನಲ್ಲಿ ಕೂತಿದೆ. ನಾನು ಸುಮ್ಮನಿದ್ದರೆ ಅದೇ ಉಳಿಯುತ್ತದೆ.

ಮಧ್ಯಾಹ್ನ ಅವಧೂತರಾಯರಿಗೆ ಬರೆದೆ. ಫೆಬ್ರವರಿಯಿಂದ ಆಗಸ್ಟಿನವರೆಗೆ ಗಾಳಿಗೆ ನಾನು ಹಾಕಿದ ಎಲ್ಲ ಅಂಕಗಳೂ ತಪ್ಪು, ಪರೀಕ್ಷಿಸಿದವಳ ಕಿವಿ ಕೆಟ್ಟಿತ್ತು, ನರ್ಸಿನ ಕಿವಿ ಸರಿ ಇದೆ, ಮೀಟರೂ ಸರಿ ಇತ್ತು. ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಮಾಡಿದೆ. ಆಮೇಲೆ ಕಾರ್ಖಾನೆಯ ವಹಿ ತೆಗೆದು ಆ ಏಳು ತಿಂಗಳ ಸಾಲುಗಳನ್ನು ಒಂದೊಂದಾಗಿ ಹೊಡೆದುಹಾಕಿದೆ. ಈರಣ್ಣನ ಹತ್ತಿರ ಹೋಗಿ ಪುಣೆಯ ಮೀಟರು ಮತ್ತೆ ತರಿಸು, ಇನ್ನು ಮೇಲೆ ಸಹಿ ನಿನ್ನದು ಅಂದೆ. ಅವನು ತಲೆ ತಗ್ಗಿಸಿದ.

೨೪ ಸೆಪ್ಟೆಂಬರ್, ಶನಿವಾರ

ಟ್ರಸ್ಟಿನವರು ಎರಡನೇ ಪರೀಕ್ಷೆಗೆ ಒಪ್ಪಿದ್ದಾರೆ. ಕಾಶವ್ವನವರು ಹಟ ಹಿಡಿದು ಒಪ್ಪಿಸಿದರಂತೆ.

ಅಷ್ಟೇ ಅಲ್ಲ, ಈ ವಾರ ಎರಡು ದಿನ ರಜೆ ಹಾಕಿ ನಮ್ಮ ಶೆಡ್ಡಿಗೇ ಬಂದರು. ನಾನು ಗಾಡಿಯ ಕೆಳಗೆ ಕೋಲು ಕಚ್ಚಿ ಮಲಗಿದರೆ, ಅವರು ಗಾಡಿಯ ಒಳಗೆ ನೆಲದ ಮೇಲೆ ಮಂಡಿಯೂರಿ ಕೊಳವೆ ಹಚ್ಚಿ ಕೇಳಿದರು. ಸದ್ದು ಹುಟ್ಟುವ ಜಾಗ ನನ್ನ ಹಲ್ಲಿಗೆ ಗೊತ್ತು, ಹೊರಬೀಳುವ ಜಾಗ ಅವರ ಕಿವಿಗೆ ಗೊತ್ತಾಗಬೇಕು. ಹಲಗೆಯ ಮೇಲೆ ಒಂದೊಂದೇ ಗೇಣು ಸರಿಯುತ್ತಾ, ಸದ್ದು ಹೆಚ್ಚಾದಲ್ಲಿ ಎರಡು ಸಲ ಕುಟ್ಟಿದರು. ಆ ಕುಟ್ಟಿದ್ದು ಕೋಲಿನಲ್ಲಿ ನನಗೆ ಕೇಳುತ್ತಿತ್ತು. ಹೆಚ್ಚು ಮಾತೇ ಬೇಕಾಗಲಿಲ್ಲ.

ಎರಡನೇ ದಿನ ಮಧ್ಯಾಹ್ನ ಹಿಂದಿನ ಬೆಂಚಿನ ಕೆಳಗೆ ಕುಟ್ಟಿದರು, ಕುಟ್ಟುತ್ತಲೇ ಇದ್ದರು. ಎದ್ದು ಹೋಗಿ ನೋಡಿದೆ. ಪೆಟ್ಟಿಗೆಯ ತಂತಿಗಳು ಮೇಲೆ ಬರಲು ಕೊರೆದ ತೂತು, ಮೂರು ಬೆರಳು ಅಗಲ. ನಾನೇ ಮಾರ್ಚ್‌ನಲ್ಲಿ ಕೊರೆಸಿ, ಗಾಳಿಗೆ ನಾಲ್ಕು ಎಂದು ಬರೆದು, ಹಾಗೇ ಬಿಟ್ಟಿದ್ದೆ.

“ಅಷ್ಟು ಸಪ್ಪಳ ಬರಾಕ ಇಷ್ಟ ತೂತ ಸಾಕೇನ್ರಿ ಬಾಯಾರ?” ಎಂದು ಕಾಶವ್ವನವರು ನನ್ನ ಕಿವಿಗೆ ಬಾಯಿ ಹಚ್ಚಿ ಕೇಳಿದರು.

“ಪರದೆಯೊಳಗ ಬರ್ಲಿಕ್ಕೆ ಸೊಳ್ಳಿಗೆ ಎಷ್ಟು ತೂತು ಬೇಕ್ರಿ?” ಅಂದೆ. ಇಬ್ಬರೂ ನಕ್ಕೆವು.

ತೂತು ಮುಚ್ಚಿಸಿದೆ. ಪೆಟ್ಟಿಗೆಯನ್ನು ನೆಲದಿಂದ ಬಿಡಿಸಿ ಲಾರಿಯ ಹಳೆ ಟ್ಯೂಬಿನ ಪಟ್ಟಿಗಳಿಂದ ತೂಗುಹಾಕಿಸಿದೆ. ಈಗ ಕೋಲಿಗೇ ಮೂರು. ಗಾಳಿಯ ಅಂಕ ಈರಣ್ಣ ಬರೆದುಕೊಂಡಿದ್ದಾನೆ, ನಾನು ಕೇಳಲಿಲ್ಲ.

ಮನೆಯಲ್ಲಿ ಇವರು ಈಗ ದಿನವೂ ಎದುರಿಗೆ ಕೂತು ಜೋರಾಗಿ ಮಾತಾಡುತ್ತಾರೆ. ನಮ್ಮ ಮನೆಯ ಸುದ್ದಿಯೆಲ್ಲ ಗಂಗೂಬಾಯಿಯವರಿಗೆ ಕೂತಲ್ಲೇ ಸಿಗುತ್ತಿದೆ. ನಿನ್ನೆ ನಾವು ಸಾರಿಗೆ ಉಪ್ಪು ಕಡಿಮೆಯೆಂದು ವಾದ ಮಾಡಿದರೆ, ಬೆಳಿಗ್ಗೆ ಅವರು ಉಪ್ಪಿನ ಡಬ್ಬಿ ಹಿಡಿದು ಬಂದರು.

೧೨ ಅಕ್ಟೋಬರ್, ಬುಧವಾರ

ಎರಡನೇ ಪರೀಕ್ಷೆ ಆಯಿತು.

ಇವತ್ತು ನಾನು ಬರೀ ಪ್ರಯಾಣಿಕೆ. ವಹಿ, ಪೆನ್ನು ಈರಣ್ಣನ ಕೈಯಲ್ಲಿ. ಹಿಂದಿನ ಬೆಂಚಿನ ಮೂಲೆಯಲ್ಲಿ ಕೈಕಟ್ಟಿ ಕೂತೆ. ಚಂದ್ರವ್ವನಿಗೆ ಈಗ ದಿನ ತುಂಬಿವೆ, ಮಧ್ಯದ ಹಾಸಿಗೆಯ ಮೇಲೆ ಮಲಗಿದ್ದಳು. ಕಾಡವ್ವ ಅವಳ ಕಾಲ ಹತ್ತಿರ. ಖಾನಾಪುರ ಬಿಟ್ಟಾಗ ಬಿಸಿಲು ಚೆನ್ನಾಗಿತ್ತು, ಹುಲ್ಲು ಹಣ್ಣಾಗಿ ಎರಡೂ ಕಡೆ ಹೊಂಬಣ್ಣಕ್ಕೆ ತಿರುಗಿತ್ತು.

ಮೊದಲ ಎರಡು ಮೈಲಿ ನಾನು ಯಾರನ್ನೂ ನೋಡಲಿಲ್ಲ, ಹೆದರಿಕೆ. ಆಮೇಲೆ ನೋಡಿದೆ. ಕಾಡವ್ವ ಮಾತಾಡುತ್ತಿದ್ದಳು. ಸೆರಗು ಹೆಗಲ ಮೇಲಿತ್ತು. ಸೊಸೆಯ ಕಡೆ ಬಾಗಿರಲಿಲ್ಲ, ಕತ್ತಿನ ನರ ಉಬ್ಬಿರಲಿಲ್ಲ. ಬೆನ್ನಾನಿಸಿ ಕೂತು, ಮನೆಯ ಕಟ್ಟೆಯ ಮೇಲೆ ಮಾತಾಡುವ ಹಾಗೆ, ತುಟಿಯಷ್ಟೇ ಅಲ್ಲಾಡಿಸಿ ಏನೋ ಹೇಳುತ್ತಿದ್ದಳು. ಚಂದ್ರವ್ವ ಕಣ್ಣು ಮುಚ್ಚಿಕೊಂಡೇ ಉತ್ತರ ಕೊಡುತ್ತಿದ್ದಳು. ಅವಧೂತರಾಯರು ಮುಂದೆ ತಿರುಗಿ ತಮ್ಮಣ್ಣನನ್ನು ಏನೋ ಕೇಳಿದರು, ನಮ್ಮ ತಮ್ಮಣ್ಣನೂ ಮೆಲ್ಲಗೆ ಏನೋ ಹೇಳಿದ. ವ್ಯಾನಿನ ತುಂಬ ಮಾತು.

ನನಗೆ ಒಂದು ಶಬ್ದವೂ ಕೇಳಲಿಲ್ಲ.

ಆಗಸ್ಟಿನಲ್ಲಿ ಇದೇ ಬೆಂಚಿನಲ್ಲಿ ಕೂತು ಪ್ರತಿ ಮಾತೂ ಕೇಳಿ ಗೆದ್ದೆ ಅಂದುಕೊಂಡಿದ್ದೆ. ಇವತ್ತು ಯಾರೂ ದನಿ ಏರಿಸುತ್ತಿಲ್ಲ. ಏರಿಸುವ ಅಗತ್ಯ ಅವರಿಗಿಲ್ಲ. ಕಾಶವ್ವನವರು ಕೊಳವೆ ಕೈಗೆತ್ತಿಕೊಳ್ಳುವ ಮೊದಲೇ, ಈರಣ್ಣ ಮೀಟರಿನ ಮುಳ್ಳು ನೋಡುವ ಮೊದಲೇ, ವ್ಯಾನು ಪಾಸಾಗಿದೆ ಎಂದು ಆ ಗಾಡಿಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ದೇಸೂರಿನ ಹತ್ತಿರ ಕಾಶವ್ವನವರು ಕಿವಿಯಿಟ್ಟರು. ಅವರ ತೋರುಬೆರಳು ಚಂದ್ರವ್ವನ ಸೀರೆಯ ಮೇಲೆ ಮೆಲ್ಲಗೆ ಬಡಿಯತೊಡಗಿತು. ಒಂದು, ಎರಡು, ಮೂರು. ನಾನೂ ಆ ಬೆರಳು ನೋಡುತ್ತಾ ಎಣಿಸಿದೆ. ನೂರಾ ಮೂವತ್ತೆಂಟಕ್ಕೆ ನಿಂತಿತು. ಅವಧೂತರಾಯರು ಕಾಗದದ ಮೇಲೆ ಸಹಿ ಹಾಕಿ ಈರಣ್ಣನ ಕೈಗೆ ಕೊಟ್ಟರು.

ಕಾಶವ್ವನವರು ತಲೆಯೆತ್ತಿ ನನ್ನ ಕಡೆ ತಿರುಗಿದರು. ಸಂತೋಷದಲ್ಲಿ ಅವರಿಗೆ ನನ್ನ ಕಿವಿಯ ಸುದ್ದಿ ಮರೆತೇ ಹೋಗಿತ್ತು, ತಮ್ಮ ಮಾಮೂಲು ದನಿಯಲ್ಲಿ ನಗುನಗುತ್ತಾ ಉದ್ದಕ್ಕೆ ಏನೋ ಹೇಳಿದರು. ಒಂದಕ್ಷರವೂ ಕೇಳಲಿಲ್ಲ. ಕಣ್ಣಲ್ಲಿ ನೀರು ಬಂತು, ನಾನೂ ನಕ್ಕು ತಲೆಯಾಡಿಸಿದೆ. ಜೋರಾಗಿ ಹೇಳಿ ಎಂದು ಕೇಳಲಿಲ್ಲ.